ಬಿಸಿಯಾದಾಗ ಬಂದ್ ಆಗುವ ಹಳೆಯ ಸ್ವಿಫ್ಟ್: ಇಸಿಎಂ ಬದಲಿಸಬೇಕೇ?

ನೀವು ಕೇಳಿದ್ದು ಇಷ್ಟು: ನಿಮ್ಮದು 2006ರ ಪೆಟ್ರೋಲ್ ಸ್ವಿಫ್ಟ್. ಗದಗದಿಂದ ಹುಬ್ಬಳ್ಳಿಗೆ ಬರುವಾಗ ಅಣ್ಣಿಗೇರಿ ದಾಟುವಷ್ಟರಲ್ಲಿ ಎಂಜಿನ್ ಬಂದ್ ಆಗುತ್ತದೆ, ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಚಾಲೂ ಆಗುತ್ತದೆ. ಗ್ಯಾರೇಜಿನವರು ‘ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ) ಹೋಗಿದೆ, ಗುಜರಿಯಿಂದ ಒಂದು ತನ್ನಿ, ಕೂರಿಸಿಕೊಡುತ್ತೇವೆ’ ಎಂದಿದ್ದಾರೆ. ತರಬೇಕೇ, ಬೇಡವೇ? ಬದಲಿಸಿದರೆ ಆರ್‌ಸಿಯಲ್ಲಿ ಏನಾದರೂ ತಿದ್ದಿಸಬೇಕೇ?

ಈಗಲೇ ತರಬೇಡಿ. ನಾನು ಹುಬ್ಬಳ್ಳಿಯಲ್ಲಿ ಕಾರುಗಳ ವೈರಿಂಗ್ ಕೆಲಸ ಮಾಡುವವನು. ಇಸಿಎಂ ಹೋಗಿದೆ ಎಂಬ ತೀರ್ಪು ಪಡೆದು ನನ್ನ ಬಳಿ ಬರುವ ಕಾರುಗಳಲ್ಲಿ ಬಹುಪಾಲು ಇಸಿಎಂ ಸರಿಯಾಗಿಯೇ ಇರುತ್ತದೆ. ಬೇರೆ ಏನೂ ತಿಳಿಯದಾದಾಗ ಅದರ ಮೇಲೆ ತಪ್ಪು ಹೊರಿಸುವುದು ಸುಲಭ, ಏಕೆಂದರೆ ಆ ಪೆಟ್ಟಿಗೆಯನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ಆದರೆ ದುಡ್ಡು ಕೊಡುವವರು ನೀವು. ಗುಜರಿಯ ಬಿಡಿಭಾಗವನ್ನು ಒಮ್ಮೆ ತಂದರೆ ವಾಪಸ್ ತೆಗೆದುಕೊಳ್ಳುವವರು ವಿರಳ.

ಸುಳಿವು ನಿಮ್ಮ ಮಾತಿನಲ್ಲಿಯೇ ಇದೆ. ಬಿಸಿಯಾದಾಗ ನಿಂತು ತಣ್ಣಗಾದಾಗ ಹೊರಡುವ ಕಾರಿನಲ್ಲಿ ನನ್ನ ಮೊದಲ ಸಂಶಯ ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರ್‌ಗಳ ಮೇಲೆ. ಎಂಜಿನ್ ತಿರುಗುತ್ತಿದೆ ಎಂದು ಇಸಿಎಂಗೆ ತಿಳಿಸುವವೇ ಅವು. ಬಿಸಿಗೆ ಅವುಗಳ ಒಳಗಿನ ಸಂಪರ್ಕ ಬಿಟ್ಟುಹೋದರೆ ಇಸಿಎಂ ಪಾಲಿಗೆ ಎಂಜಿನ್ ನಿಂತಂತೆಯೇ. ಅದು ಕಿಡಿಯನ್ನೂ ಪೆಟ್ರೋಲನ್ನೂ ನಿಲ್ಲಿಸಿಬಿಡುತ್ತದೆ. ನಂತರದ ಸಂಶಯ ಇಸಿಎಂಗೆ ಕರೆಂಟ್ ಹಾಯಿಸುವ ಸ್ವಿಚ್ ಆದ ಮೇನ್ ರಿಲೇ, ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್, ಪೆಟ್ರೋಲ್ ಪಂಪ್. ಇಸಿಎಂ ಕೂಡ ಹೀಗೆ ಆಡಬಲ್ಲದು, ಅದರ ಬೋರ್ಡಿನ ಬೆಸುಗೆ ಬಿರುಕು ಬಿಟ್ಟಿದ್ದರೆ. ಅದರ ಸರದಿ ಕೊನೆಯದು.

ಪರೀಕ್ಷೆ ನಡೆಯಬೇಕಾದದ್ದು ಕಾರು ನಿಂತ ಕ್ಷಣದಲ್ಲಿ. ತಣ್ಣಗಾದ ಕಾರನ್ನು ಗ್ಯಾರೇಜಿಗೆ ಒಯ್ದರೆ ಎಂಥ ಅನುಭವಿಗೂ ದೋಷ ಸಿಗುವುದಿಲ್ಲ. ಮುಂದಿನ ಸಲ ನಿಂತಾಗ ರಸ್ತೆಯ ಪಕ್ಕಕ್ಕೆ ಸರಿದು, ಕೀಲಿಯನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಚೆಕ್ ಎಂಜಿನ್ ದೀಪ ಹೊತ್ತಿತೇ? ಹಿಂದಿನ ಸೀಟಿನ ಕಡೆಯಿಂದ ಪೆಟ್ರೋಲ್ ಪಂಪ್ ಎರಡು ಮೂರು ಸೆಕೆಂಡು ಗುಂಯ್ ಎಂದಿತೇ? ಎರಡೂ ಆದರೆ ಇಸಿಎಂಗೆ ಕರೆಂಟ್ ಬರುತ್ತಿದೆ, ಅದು ಎಚ್ಚರವಾಗಿದೆ ಎಂದರ್ಥ. ಆಗ ಒಂದು ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಸೆನ್ಸರ್ ಮೇಲೆ ಸ್ವಲ್ಪ ಹೊತ್ತು ಇಡಿ. ಬೆಲ್ಟು, ಫ್ಯಾನ್‌ಗಳಿಂದ ಕೈ ದೂರವಿರಲಿ. ಸೆನ್ಸರ್ ಎಲ್ಲಿದೆ ಎಂದು ಮೊದಲೇ ಮೆಕ್ಯಾನಿಕ್‌ನಿಂದ ತೋರಿಸಿಕೊಂಡಿರಿ. ಅರ್ಧ ಗಂಟೆ ಬೇಕಾಗಿದ್ದ ಕಾರು ಕೂಡಲೇ ಚಾಲೂ ಆದರೆ ಕಾರಣ ಬಹುತೇಕ ಸಿಕ್ಕಂತೆ. ಆ ಸೆನ್ಸರ್ ಬದಲಿಸುವ ಖರ್ಚು ಇಸಿಎಂ ಮುಂದೆ ಏನೂ ಅಲ್ಲ.

ದೀಪವೇ ಹೊತ್ತದಿದ್ದರೆ, ಪಂಪ್ ಸದ್ದೂ ಇಲ್ಲದಿದ್ದರೆ, ಆಗ ಇಸಿಎಂ ಕಡೆ ತಿರುಗಬೇಕು. ಅಲ್ಲಿಯೂ ಮೊದಲು ನೋಡಬೇಕಾದದ್ದು ಅದಕ್ಕೆ ಸಿಗಬೇಕಾದದ್ದು ಸಿಗುತ್ತಿದೆಯೇ ಎಂಬುದು. ಊಟ ಹಾಕದೆ ಎತ್ತು ಉಳುವುದಿಲ್ಲ ಎಂದು ದೂರುವವರನ್ನು ನಾವು ಒಪ್ಪುವುದಿಲ್ಲವಲ್ಲ. ಬ್ಯಾಟರಿಯ ನೇರ ಕರೆಂಟ್, ಮೇನ್ ರಿಲೇ ಮೂಲಕ ಬರುವ ಕರೆಂಟ್, ಜೊತೆಗೆ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ಅರ್ಥ್ ವೈರ್‌ಗಳು. ಈ ಮೂರನ್ನೂ ಇಸಿಎಂ ಕಪ್ಲರ್‌ನ (ವೈರ್‌ಗಳನ್ನು ಸಿಕ್ಕಿಸುವ ಪ್ಲಗ್) ಹಿಂಬದಿಯಿಂದಲೇ, ಕಪ್ಲರ್ ಸಿಕ್ಕಿಸಿದ್ದಾಗಲೇ ಅಳೆಯಬೇಕು.

ಅರ್ಥ್ ವಿಷಯವನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಇಲ್ಲಿಯೇ ಹೆಚ್ಚು ಜನ ಎಡವುತ್ತಾರೆ. ಮೀಟರನ್ನು ಓಮ್‌ಗೆ ಇಟ್ಟು ಅರ್ಥ್ ಸರಿಯಿದೆ ಎಂದುಬಿಡುತ್ತಾರೆ. ಹತ್ತಾರು ಎಳೆಗಳ ವೈರ್‌ನಲ್ಲಿ ಒಂದೇ ಎಳೆ ಉಳಿದಿದ್ದರೂ ಓಮ್ ಮೀಟರ್ ‘ಸರಿ’ ಎಂದೇ ತೋರಿಸುತ್ತದೆ. ಕರೆಂಟ್ ಹರಿಯತೊಡಗಿದಾಗ ಮಾತ್ರ ಅದರ ಬಣ್ಣ ಬಯಲಾಗುತ್ತದೆ. ಆದ್ದರಿಂದ ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಒಂದು ತುದಿ ಇಸಿಎಂನ ಅರ್ಥ್ ಪಿನ್‌ಗೆ, ಇನ್ನೊಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ ಹಿಡಿದು, ಎಂಜಿನ್ ಓಡುವಾಗ ಹೆಡ್‌ಲೈಟ್, ಫ್ಯಾನ್ ಎಲ್ಲ ಹಾಕಿ ನೋಡಿಸಿ. 0.1 ವೋಲ್ಟ್ ಒಳಗಿದ್ದರೆ ಸರಿ. ಅದಕ್ಕಿಂತ ಹೆಚ್ಚಿದ್ದರೆ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ ತೆಗೆದು ಬಿಗಿ ಮಾಡಿಸಿ. ಅಮರಗೋಳದ ಎಪಿಎಂಸಿ ಕಡೆಯಿಂದ ಬರುವ ಕಾರುಗಳಲ್ಲಿ ಇಲಿ ಕಡಿದ ವೈರ್‌ಗಳನ್ನು ಎಷ್ಟೋ ಸಲ ನೋಡಿದ್ದೇನೆ. ಕಾಳಿನ ಚೀಲಗಳ ಹತ್ತಿರ ಕಾರು ನಿಲ್ಲಿಸುವವರು ಬಾನೆಟ್ ಎತ್ತಿ ನೋಡುವ ಅಭ್ಯಾಸ ಇಟ್ಟುಕೊಳ್ಳಬೇಕು.

ಕರೆಂಟ್, ಅರ್ಥ್ ಎರಡೂ ಸರಿಯಿದ್ದು ಇಸಿಎಂ ಸತ್ತಂತೆ ಕಂಡರೆ ಇನ್ನೊಂದು ಪರೀಕ್ಷೆ ಬಾಕಿ ಇದೆ. ಹಲವು ಸೆನ್ಸರ್‌ಗಳಿಗೆ ಇಸಿಎಂ ತಾನೇ 5 ವೋಲ್ಟ್ ಕಳಿಸುತ್ತದೆ. ಯಾವುದೋ ಒಂದು ಸೆನ್ಸರ್ ಒಳಗೆ ಶಾರ್ಟ್ ಆದರೆ ಆ 5 ವೋಲ್ಟ್ ಕುಸಿದು ಇಸಿಎಂ ಮಂಕಾಗಬಹುದು. ಮೀಟರ್ ಹಿಡಿದುಕೊಂಡೇ ಸೆನ್ಸರ್ ಕಪ್ಲರ್‌ಗಳನ್ನು ಒಂದೊಂದಾಗಿ ಬಿಡಿಸಿದರೆ, ಅಪರಾಧಿಯನ್ನು ಬಿಡಿಸಿದ ಕೂಡಲೇ 5 ವೋಲ್ಟ್ ಮರಳುತ್ತದೆ. ಈ ತಂತಿಗಳಿಗೆ ಬಲ್ಬ್ ಹಾಕಿದ ಟೆಸ್ಟ್ ಲ್ಯಾಂಪ್ ಹಚ್ಚಲು ಯಾರಿಗೂ ಬಿಡಬೇಡಿ. ಅದು ಎಳೆಯುವ ಕರೆಂಟ್‌ಗೆ ಚೆನ್ನಾಗಿರುವ ಇಸಿಎಂ ಕೂಡ ಹಾಳಾದೀತು.

ಮೊಬೈಲ್‌ಗೆ ಜೋಡಿಸುವ ಅಗ್ಗದ ಸ್ಕ್ಯಾನರ್ ಕನೆಕ್ಟ್ ಆಗಲಿಲ್ಲ, ಆದ್ದರಿಂದ ಇಸಿಎಂ ಹೋಗಿದೆ ಎನ್ನುವ ವಾದವನ್ನು ನಂಬಬೇಡಿ. ಎಲ್ಲ ಕಂಪನಿಗಳ ಕಾರಿನ ದೋಷವನ್ನೂ ಒಂದೇ ಬಗೆಯಲ್ಲಿ ಓದಿಸುವ ಒಬಿಡಿ-2 ವ್ಯವಸ್ಥೆ ನಮ್ಮ ದೇಶದಲ್ಲಿ ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. 2006ರ ಕಾರು ಅಂಥ ಸ್ಕ್ಯಾನರ್ ಜೊತೆ ಮಾತಾಡದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಕಂಪನಿಯ ಸ್ಕ್ಯಾನರ್ ಅಥವಾ ಹಳೆಯ ಮಾರುತಿಗಳನ್ನು ಓದಬಲ್ಲ ಸ್ಕ್ಯಾನರ್ ಇರುವ ಕಡೆಗೆ ಒಯ್ಯಿರಿ.

ಇಷ್ಟೆಲ್ಲ ಆದ ಮೇಲೂ ಬೆರಳು ಇಸಿಎಂ ಕಡೆಗೇ ತೋರಿದರೆ, ಎಂಜಿನ್ ಓಡುತ್ತಿರುವಾಗ ಹೇರ್ ಡ್ರೈಯರ್‌ನಿಂದ ಅದನ್ನು ಮೆಲ್ಲಗೆ ಬಿಸಿ ಮಾಡಿಸಿ. ಅಲ್ಲಿಯೇ ನಿಂತುಹೋದರೆ ಸಂಶಯ ಗಟ್ಟಿಯಾಯಿತು. ಆಗಲೂ ನನ್ನ ಮೊದಲ ಸಲಹೆ ನಿಮ್ಮದೇ ಇಸಿಎಂ ರಿಪೇರಿ ಮಾಡಿಸಿ ಎಂಬುದೇ. ಒಡೆದ ಬೆಸುಗೆ, ಸೋರಿದ ಕೆಪಾಸಿಟರ್, ಸುಟ್ಟ ಟ್ರಾನ್ಸಿಸ್ಟರ್ ಇವೆಲ್ಲ ಬೋರ್ಡ್ ಕೆಲಸ ಬಲ್ಲವರ ಕೈಯಲ್ಲಿ ಸರಿಹೋಗುವ ದೋಷಗಳು. ದೊಡ್ಡ ಲಾಭವೆಂದರೆ ನಿಮ್ಮ ಕೀಲಿಯ ಗುರುತು ಆ ಬೋರ್ಡಿನಲ್ಲಿಯೇ ಉಳಿಯುತ್ತದೆ.

ಗುಜರಿಯ ಇಸಿಎಂ ತಂದು ಬರೀ ಸಿಕ್ಕಿಸಿದರೆ ಕಾರು ಹೊರಡದಿರುವುದು ಈ ಕೀಲಿಯ ಕಾರಣಕ್ಕೇ. ಮಾರುತಿಯವರು ಐಕ್ಯಾಟ್ಸ್ ಎನ್ನುವ ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ವ್ಯವಸ್ಥೆ) ನಿಮ್ಮ ಕಾರಿನಲ್ಲಿದ್ದರೆ, ಕೀಲಿಯ ತಲೆಯೊಳಗಿನ ಚಿಪ್ ಮತ್ತು ಇಸಿಎಂ ಒಂದನ್ನೊಂದು ಗುರುತಿಸಲೇಬೇಕು. ಹಳೆಯ ಬೋರ್ಡಿನ ಸಣ್ಣ ಮೆಮೊರಿ ಚಿಪ್‌ನ ಮಾಹಿತಿಯನ್ನು ಹೊಸದಕ್ಕೆ ನಕಲು ಮಾಡಿಸಬೇಕು, ಇಲ್ಲವೇ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಕೀಲಿಯನ್ನು ಮತ್ತೆ ನೋಂದಾಯಿಸಬೇಕು. ಇಮ್ಮೊಬಿಲೈಸರನ್ನೇ ತೆಗೆದುಹಾಕುತ್ತೇವೆ ಎನ್ನುವವರೂ ಸಿಗುತ್ತಾರೆ. ಬೇಡ. ಕಳ್ಳನಿಗೆ ಬಾಗಿಲು ತೆರೆದಿಟ್ಟು ರಾತ್ರಿ ನಿದ್ದೆ ಮಾಡುವುದು ಹೇಗೆ?

ಖರೀದಿಸಲೇಬೇಕಾದರೆ ಪೆಟ್ಟಿಗೆಯ ಮೇಲಿನ ಸಂಖ್ಯೆ ನೋಡಿ. ಸುಜುಕಿಯ ಇಸಿಎಂ ಸಂಖ್ಯೆಗಳು ಸಾಮಾನ್ಯವಾಗಿ 33920 ಎಂದು ಆರಂಭವಾಗುತ್ತವೆ. ಮುಖ್ಯವಾದದ್ದು ಅದರ ಮುಂದಿನ ಅಂಕಿಗಳು. ಅವೆಲ್ಲ ಅಕ್ಷರಶಃ ತಾಳೆಯಾಗಬೇಕು. ‘ಸ್ವಿಫ್ಟ್‌ದೇ ಇದೆ, ನಡೆಯುತ್ತದೆ’ ಎಂಬ ಮಾತಿಗೆ ಬೆಲೆ ಕೊಡಬೇಡಿ. ನಿಮ್ಮ ಹಳೆಯ ಪೆಟ್ಟಿಗೆಯ ಫೋಟೊ ತೆಗೆದು ಮೊದಲು ಅದನ್ನೇ ಕಳಿಸಿ. ಬೆಂಗಳೂರಿನ ಶಿವಾಜಿನಗರದಿಂದ ತರಿಸುವುದಾದರಂತೂ ಫೋಟೊ ನೋಡದೆ ಮುಂಗಡ ಕೊಡಬೇಡಿ. ಪರೀಕ್ಷೆಗೆಂದು ಗೆಳೆಯರ ಕಾರಿನ ಇಸಿಎಂ ಬಿಚ್ಚಿಸುವುದೂ ಬೇಡ. ನಿಮ್ಮ ಕಾರಿನ ಶಾರ್ಟ್ ಅವರದನ್ನೂ ಸುಟ್ಟೀತು.

ಇಸಿಎಂ ನಿಜವಾಗಿ ಸುಟ್ಟಿದ್ದರೆ ಸುಟ್ಟವರು ಯಾರು ಎಂದು ತಿಳಿಯದೆ ಬೇರೆಯದನ್ನು ಕೂರಿಸಬಾರದು. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಸುಮಾರು 13.8ರಿಂದ 14.5 ವೋಲ್ಟ್ ಇರಬೇಕು; 15 ದಾಟಿದರೆ ಆಲ್ಟರ್ನೇಟರ್ ಕೆಟ್ಟಿದೆ. ಕಾಯಿಲ್, ಇಂಜೆಕ್ಟರ್‌ಗಳಲ್ಲಿ ಶಾರ್ಟ್ ಇದೆಯೇ ಅಳೆಸಿ. ಇತ್ತೀಚೆಗೆ ಬ್ಯಾಟರಿ ಬಿಚ್ಚದೆ ವೆಲ್ಡಿಂಗ್ ಮಾಡಿಸಿದ್ದಿರೇ, ಜಂಪ್ ಸ್ಟಾರ್ಟ್ ಮಾಡುವಾಗ ವೈರ್ ಅದಲುಬದಲಾಗಿತ್ತೇ, ನೀರು ಇಳಿದಿತ್ತೇ ಎಂದು ನೆನಪು ಮಾಡಿಕೊಂಡು ಮೆಕ್ಯಾನಿಕ್‌ಗೆ ಹೇಳಿ. ಮುಚ್ಚಿಡಬೇಡಿ.

ಆರ್‌ಸಿ ಬಗ್ಗೆಯೂ ಕೇಳಿದ್ದೀರಿ. ಅದರಲ್ಲಿ ಇರುವುದು ಚಾಸಿ ಮತ್ತು ಎಂಜಿನ್ ಸಂಖ್ಯೆ. ಇಸಿಎಂ ಬದಲಿಸಿದ್ದಕ್ಕೆ ಆರ್‌ಟಿಒ ಕಚೇರಿಗೆ ಹೋಗಬೇಕಾಗಿಲ್ಲ. ನಕಲು ಅಥವಾ ನೋಂದಣಿ ಕೆಲಸಕ್ಕೆ ಹೋಗುವಾಗ ಮಾತ್ರ ಆರ್‌ಸಿ, ಗುರುತಿನ ಚೀಟಿ, ಹಳೆಯ ಇಸಿಎಂ, ಮನೆಯಲ್ಲಿರುವ ಎರಡನೆಯ ಕೀಲಿ ಎಲ್ಲವನ್ನೂ ಒಯ್ಯಿರಿ. ಕೆಲಸ ಮುಗಿದ ಮೇಲೆ ಹಳೆಯ ಇಸಿಎಂ ವಾಪಸ್ ಕೇಳಿ ಪಡೆದುಕೊಳ್ಳಿ, ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ.