ನಂದಿಬಟ್ಟಲು ಗಿಡದಿಂದ ತಂದು ಡಬ್ಬಿಯಲ್ಲಿಟ್ಟ ಹಸಿರು ಹುಳ ಕಂದು ಬಣ್ಣಕ್ಕೆ ತಿರುಗಿದೆ, ಊಟ ಬಿಟ್ಟು ಓಡಾಡುತ್ತಿದೆ. ತಲೆ ಹತ್ತಿರ ಎರಡು ನೀಲಿ ಕಣ್ಣಿನಂಥ ಚುಕ್ಕೆ, ಬಾಲದಲ್ಲಿ ಪುಟ್ಟ ಕೊಂಬು ಇದೆ. ಸಾಯುತ್ತಿದೆಯಾ? ಪತಂಗವಾದರೆ ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆಯಬಹುದಾ?

ಸಾಯುತ್ತಿಲ್ಲ, ಗಾಬರಿ ಬೇಡ. ನೀಲಿ ಚುಕ್ಕೆ, ಬಾಲದಲ್ಲಿ ಕೊಂಬು ಅಂದಿರಲ್ಲ, ಅದು ಓಲಿಯಾಂಡರ್ ಹಾಕ್ ಮಾತ್ ಅನ್ನುವ ಪತಂಗದ ಹುಳ. ಕಣಗಿಲೆ ಎಲೆಯನ್ನೂ ತಿನ್ನುತ್ತದೆ. ಈಗ ಕೋಶವಾಗಲು, ಅಂದರೆ ಗಟ್ಟಿ ಚಿಪ್ಪಿನೊಳಗೆ ಪತಂಗವಾಗಿ ಬದಲಾಗಲು, ಜಾಗ ಹುಡುಕುತ್ತಿದೆ, ಅದಕ್ಕೇ ಡಬ್ಬಿ ತುಂಬಾ ಓಡಾಟ. ರೇಷ್ಮೆ ಸಾಕುವವರು ಇಂಥ ಹೊತ್ತಿಗೆ 'ಹುಳ ಹಣ್ಣಾಯ್ತು' ಅನ್ನುತ್ತಾರೆ. ಆದರೆ ಇದು ರೇಷ್ಮೆಹುಳದ ಹಾಗೆ ದಪ್ಪ ಗೂಡು ಕಟ್ಟುವುದಿಲ್ಲ. ತರಗೆಲೆ ಅಡಿಯಲ್ಲಿ ನಾಲ್ಕು ಎಳೆ ನೂಲು ಹಾಕಿ ಮಲಗಿಬಿಡುತ್ತದೆ. ಡಬ್ಬಿಗೆ ಸ್ವಲ್ಪ ಮಣ್ಣು, ಒಣಗಿದ ಎಲೆ ಹಾಕಿ.

ನಮ್ಮದು ಮಡಿಕೇರಿ ಹತ್ತಿರದ ತೋಟದ ಮನೆ. ಮೊದಲ ಸಲ ನಾನು ಕೋಶವನ್ನು ಉಪ್ಪಿನಕಾಯಿ ಬಾಟಲಿಯಲ್ಲಿ ಇಟ್ಟಿದ್ದೆ. ರಾತ್ರಿ ಹೊರಬಂದ ಪತಂಗಕ್ಕೆ ಆ ನುಣುಪು ಗಾಜು ಹತ್ತಲಾಗಲಿಲ್ಲ. ಬೆಳಿಗ್ಗೆ ನೋಡಿದರೆ ರೆಕ್ಕೆ ಮುದುಡಿಕೊಂಡೇ ಒಣಗಿತ್ತು. ಹೊರಬಂದಾಗ ರೆಕ್ಕೆ ಉಗುರಿನಷ್ಟೇ ಇರುತ್ತದೆ, ಮೆತ್ತಗೆ. ಎಲ್ಲಾದರೂ ಹತ್ತಿ ಜೋತುಬಿದ್ದು, ಮೈಯೊಳಗಿನ ದ್ರವವನ್ನು ರೆಕ್ಕೆಯ ನರಗಳಿಗೆ ತಳ್ಳಿ ಬಿಡಿಸಿಕೊಳ್ಳಬೇಕು. ಜಾಗ ಸಿಗದಿದ್ದರೆ ಮುಗಿಯಿತು, ಆಮೇಲೆ ಸರಿ ಮಾಡಲಾಗದು. ಈಗ ನಾನು ಅಗಲ ಬುಟ್ಟಿಯೊಳಗೆ ಒರಟು ಕಾಫಿ ಕೊಂಬೆ ಒಂದನ್ನು ನೆಟ್ಟಗೆ ನಿಲ್ಲಿಸುತ್ತೇನೆ.

ಎರಡು ವಾರ ಕಾಯಿರಿ, ಚಳಿಯಿದ್ದರೆ ಇನ್ನೂ ಜಾಸ್ತಿ. ಕೋಶ ಕಪ್ಪಾಗಿ, ಒಳಗಿನ ರೆಕ್ಕೆ ಚಿತ್ತಾರ ಹೊರಗೇ ಕಾಣತೊಡಗಿದರೆ ಅವತ್ತು ರಾತ್ರಿ ಮಲಗಬೇಡಿ.

ಫೋಟೋಗೆ ಮೊಬೈಲು, ಅದಕ್ಕೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ (ಪುಟ್ಟದ್ದನ್ನು ತೀರಾ ಹತ್ತಿರದಿಂದ ತೆಗೆಯುವ ಲೆನ್ಸ್) ಸಾಕು. ಅಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಬರುವುದು ಕೂದಲೆಳೆಯಷ್ಟು ಜಾಗ ಮಾತ್ರ, ಹಾಗಾಗಿ ಪತಂಗದ ಕಣ್ಣಿಗೆ ಫೋಕಸ್ ಮಾಡಿ. ಮೊಣಕೈ ಮೇಜಿಗೆ ಊರಿ, ಫೋಕಸ್ ಲಾಕ್ ಮಾಡಿ, ನೀವೇ ಚೂರು ಹಿಂದೆ ಮುಂದೆ ಸರಿಯುತ್ತಾ ಸಾಲಾಗಿ ಕ್ಲಿಕ್ಕಿಸಿ. ನಲವತ್ತರಲ್ಲಿ ಎರಡು ಚೆನ್ನಾಗಿ ಬಂದರೆ ನಿಮ್ಮ ಅದೃಷ್ಟ! ಫ್ಲ್ಯಾಶ್ ಬೇಡ, ರೆಕ್ಕೆಯ ಹಸಿರು, ನಸುಗೆಂಪು ಎಲ್ಲ ಬೆಳ್ಳಗಾಗುತ್ತದೆ. ಟಾರ್ಚಿಗೆ ಟಿಶ್ಯೂ ಪೇಪರ್ ಕಟ್ಟಿ ಪಕ್ಕದಿಂದ ಹಿಡಿಯಿರಿ. ನಮ್ಮ ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ, ತೇವ ಹೀರುವ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡಿ.

ರೆಕ್ಕೆ ಒಣಗುವವರೆಗೆ ಅದು ಸುಮ್ನೆ ಕೂತಿರುತ್ತದೆ, ಆತುರ ಬೇಡ. ರೆಕ್ಕೆ ಗಡಗಡ ನಡುಗಿಸಲು ಶುರು ಮಾಡಿತೋ, ಹಾರುವ ಸ್ನಾಯು ಬೆಚ್ಚಗೆ ಮಾಡಿಕೊಳ್ಳುತ್ತಿದೆ ಅಂತ ಅರ್ಥ. ಇನ್ನು ನಿಮಗೆ ಸಮಯವಿಲ್ಲ. ಹಾಂ, ಕೆಳಗೆ ಹಳೇ ಪೇಪರ್ ಹಾಸಿಡಿ. ಹೊರಬಂದ ಮೇಲೆ ಕೋಶದಲ್ಲಿ ಸೇರಿದ್ದ ಕಲ್ಮಶವನ್ನೆಲ್ಲ ಒಮ್ಮೆಗೇ ಬಿಡುತ್ತದೆ. ಅಮ್ಮನ ಮೇಜಿನ ಬಟ್ಟೆ ಮೇಲಿನ ಕಲೆ ಇನ್ನೂ ಹೋಗಿಲ್ಲ.