ಅಂದಿನ ‘ಪಾಸ್’ ಇಂದಿಗೆ ಸಾಲದು

ಪ್ರಶ್ನೆ: ಮಗನಿಗೆ 20 ತಿಂಗಳು. ‘ಅಮ್ಮ’ ಬಿಟ್ಟರೆ ಬೇರೆ ಮಾತಿಲ್ಲ. ಹುಟ್ಟಿದಾಗ ಕಾಮಾಲೆ ವಿಪರೀತವಾಗಿ ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿದ್ದ. ಅಲ್ಲಿ ಮಾಡಿದ ಓಎಇ ಕಿವಿ ಪರೀಕ್ಷೆ ಪಾಸ್. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ಹಿಂದಿ. ಭಾಷೆಗಳ ಗೊಂದಲ, ಮೂರು ವರ್ಷದವರೆಗೆ ಕಾಯಿರಿ ಎನ್ನುತ್ತಾರೆ ಹಿರಿಯರು. ಕಾಯಬಹುದೇ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಖಂಡಿತ ಕಾಯಬೇಡಿ. ಮೂರು ಭಾಷೆ ಕಿವಿಗೆ ಬಿದ್ದ ಮಾತ್ರಕ್ಕೆ ಮಾತು ತಡವಾಗುವುದಿಲ್ಲ. ಪದ ಎಣಿಸುವಾಗ ಎಲ್ಲ ಭಾಷೆಯದನ್ನೂ ಸೇರಿಸಿ. ‘ನೀರು’, ‘ಪಾಣಿ’ ಎರಡೂ ಲೆಕ್ಕಕ್ಕೆ ಬರುತ್ತವೆ. ಹಾಗೆ ಎಣಿಸಿಯೂ ಒಂದೇ ಪದವಾದರೆ ಮೊದಲು ನೋಡಬೇಕಾದ್ದು ಕಿವಿ.

ಒಳಕಿವಿಯಲ್ಲಿ ಸದ್ದಿಗೆ ಸ್ಪಂದಿಸುವ ಹೊರ ರೋಮಕೋಶಗಳು ಸರಿಯಿವೆಯೇ ಎಂಬುದನ್ನಷ್ಟೇ ಓಎಇ ಹೇಳುತ್ತದೆ. ಸದ್ದು ನರದ ಮೂಲಕ ಮಿದುಳಿನತ್ತ ಸಾಗುತ್ತಿದೆಯೇ ಎಂಬುದು ಅದಕ್ಕೆ ತಿಳಿಯದು. ತೀವ್ರ ಕಾಮಾಲೆ ಕೆಡಿಸುವುದು ಆ ದಾರಿಯನ್ನೇ. ಹಾಗಾಗಿ ಸದ್ದಿಗೆ ನರ, ಮಿದುಳುಕಾಂಡ ಸ್ಪಂದಿಸುವುದನ್ನು ಅಳೆಯುವ ‘ಬೇರಾ’ (BERA) ಪರೀಕ್ಷೆ ನಿಮ್ಮ ಮಗುವಿಗೆ ಬೇಕೇ ಬೇಕು. ಬಾಂದ್ರಾ ರಿಕ್ಲಮೇಶನ್‌ನ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್-ಶ್ರವಣ ಸಂಸ್ಥೆ ಈ ಕೆಲಸಕ್ಕೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ಮೊದಲೇ ದಿನ ಗೊತ್ತುಮಾಡಿಕೊಂಡು ಹೋಗಿ.

ಹಣೆಗೆ, ಕಿವಿಯ ಹಿಂದೆ ಎಲೆಕ್ಟ್ರೋಡ್ ಅಂಟಿಸಿ, ಇಯರ್‌ಫೋನಿನಲ್ಲಿ ಸದ್ದು ಕೊಡುತ್ತಾರೆ. ಮಗು ಗಾಢ ನಿದ್ದೆಯಲ್ಲಿರಬೇಕು. ಅಲುಗಾಡಿದರೆ ಸ್ನಾಯುಗಳ ವಿದ್ಯುತ್ತಿನಲ್ಲಿ ನರದ ಅಲೆ ಮುಚ್ಚಿಹೋಗುತ್ತದೆ. ಎಷ್ಟೋ ಮಕ್ಕಳು ಲೋಕಲ್ ಟ್ರೇನಿನಲ್ಲೇ ನಿದ್ದೆ ಮುಗಿಸಿ, ಪರೀಕ್ಷೆಯ ಹೊತ್ತಿಗೆ ಕಣ್ಣರಳಿಸಿ ಕೂರುತ್ತವೆ. ದಾರಿಯುದ್ದಕ್ಕೂ ಆಡಿಸಿ ಎಚ್ಚರವಾಗಿಡಿ. ಅಂದು ತಲೆಗೆ ಎಣ್ಣೆ ಬೇಡ, ಎಲೆಕ್ಟ್ರೋಡ್ ಹಿಡಿಯುವುದಿಲ್ಲ. ನಿದ್ದೆಯ ಸಿರಪ್ ಕೊಡುವುದಾದರೆ ಹಾಲು ಯಾವಾಗ ನಿಲ್ಲಿಸಬೇಕೆಂದು ಮುಂಚೆಯೇ ಕೇಳಿ. ನೆಗಡಿಯಿದ್ದರೆ ತಿಳಿಸಿ, ಅದರಿಂದ ನಡುಕಿವಿಯಲ್ಲಿ ತುಂಬುವ ನೀರೂ ಫಲಿತಾಂಶ ಕೆಡಿಸುತ್ತದೆ.

ಕಿವಿ ಸರಿಯಿದ್ದರೂ ಅಲ್ಲಿಗೇ ಬಿಡಬೇಡಿ. ಬೇಕಾದ್ದನ್ನು, ಕಂಡ ಕಾಗೆಯನ್ನು ಬೆರಳು ಮಾಡಿ ತೋರಿಸುತ್ತಾನೆಯೇ? ಹೆಸರು ಕರೆದರೆ ತಿರುಗುತ್ತಾನೆಯೇ? ಇಲ್ಲವಾದರೆ ಆಟಿಸಂ ತಪಾಸಣೆಯ ಎಂ-ಚಾಟ್ ಪ್ರಶ್ನಾವಳಿ ತುಂಬಿಸಿ. 16ರಿಂದ 30 ತಿಂಗಳ ಮಕ್ಕಳಿಗಾಗಿ 20 ಪ್ರಶ್ನೆ. ಈಗಿನ ಆವೃತ್ತಿಯಲ್ಲಿ 3ರಿಂದ 7 ಅಂಕ ಬಂದರೆ ಮರುಪ್ರಶ್ನೆ, 8 ಅಥವಾ ಹೆಚ್ಚು ಬಂದರೆ ನೇರವಾಗಿ ತಜ್ಞರ ಪರೀಕ್ಷೆ. ಅದು ಜರಡಿ ಮಾತ್ರ, ರೋಗನಿರ್ಣಯವಲ್ಲ.

ಪ್ರಶ್ನೆ: 32 ವಾರಕ್ಕೇ ಹುಟ್ಟಿದ ಮಗಳಿಗೆ ಈಗ 8 ತಿಂಗಳು. ಇನ್ನೂ ಒರಗದೆ ಕೂರುವುದಿಲ್ಲ.
– ಓದುಗರು, ಪುಣೆ

ಉತ್ತರ: ಪೂರ್ಣಾವಧಿಯ 40 ವಾರಕ್ಕೆ ಕಡಿಮೆಯಾದ ಎಂಟು ವಾರ ಕಳೆಯಿರಿ, ಬೆಳವಣಿಗೆಯ ಲೆಕ್ಕಕ್ಕೆ ಅವಳಿಗೆ ಸುಮಾರು 6 ತಿಂಗಳು. ಕೂರಲು ಸಮಯವಿದೆ. ಆದರೆ ಮುಷ್ಟಿ ಸದಾ ಬಿಗಿದಿದ್ದರೆ, ಎತ್ತಿದಾಗ ಕಾಲು ಕತ್ತರಿಯಂತೆ ಸೇರಿಕೊಂಡರೆ, ಒಂದೇ ಕೈ ಬಳಸುತ್ತಿದ್ದರೆ ಈ ವಾರವೇ ಮಕ್ಕಳ ನರರೋಗ ತಜ್ಞರಿಗೆ ತೋರಿಸಿ. ಅವಧಿಗೆ ಮುನ್ನ ಹುಟ್ಟಿದ್ದರಿಂದ ತಿಂಗಳೊಳಗೆ ಆಗಬೇಕಿದ್ದ ಕಣ್ಣಿನ ಅಕ್ಷಿಪಟಲ ತಪಾಸಣೆ ಆಗಿದೆಯೇ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿ.