ನೆಮ್ಮದಿಯ ಕೆಲಸ ಹುಡುಕುವ ಮುನ್ನ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನನಗೆ 37 ವರ್ಷ. ಹನ್ನೆರಡು ವರ್ಷಗಳಿಂದ ಗ್ರಾಹಕ ಸೇವಾ ಕೇಂದ್ರದಲ್ಲಿದ್ದೇನೆ. ಈಗ ತಂಡದ ಮುಖ್ಯಸ್ಥೆಯಾದರೂ ಕರೆ ತೆಗೆದುಕೊಳ್ಳುವುದು ತಪ್ಪಿಲ್ಲ. ಫೋನ್ ರಿಂಗಾದರೆ ಸಾಕು, ಎದೆ ಧಸಕ್ ಎನ್ನುತ್ತದೆ, ಅದು ಅಮ್ಮನ ಕರೆಯಾಗಿದ್ದರೂ. ಸಂಬಳ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ, ಶಾಂತವಾದ ಕೆಲಸ ಬೇಕು. 'ಒತ್ತಡವಿಲ್ಲದ ವೃತ್ತಿಗಳು' ಎಂಬ ಪಟ್ಟಿಗಳಲ್ಲಿ ಗ್ರಂಥಪಾಲಕಿ, ಅನುವಾದಕಿ, ಪ್ರಯೋಗಾಲಯ ತಂತ್ರಜ್ಞೆ, ಮೆಡಿಕಲ್ ಕೋಡಿಂಗ್ (ರೋಗಿಗಳ ಕಡತ ಓದಿ ಕಾಯಿಲೆ, ಚಿಕಿತ್ಸೆಗಳಿಗೆ ಸಂಕೇತ ಹಾಕುವ ಕೆಲಸ) ಎಂದೆಲ್ಲ ಇದೆ. ಯಾವುದನ್ನು ನಂಬಲಿ?

ಉತ್ತರ: ಪಟ್ಟಿ ಅಲ್ಲಿರಲಿ, ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ. ಕೆಲಸ ಹೆಚ್ಚಾಯಿತು ಎಂದು ನೀವು ಎಲ್ಲಿಯೂ ಬರೆದಿಲ್ಲ. ಫೋನ್ ರಿಂಗಾಗುವುದರ ಬಗ್ಗೆ ಬರೆದಿದ್ದೀರಿ. ಕರೆ ಯಾವಾಗ ಬರುತ್ತದೋ, ಆ ಕಡೆ ಯಾರು ಸಿಡುಕುತ್ತಾರೋ ಗೊತ್ತಿಲ್ಲ. ಬಂದದ್ದನ್ನು ಎತ್ತದೆ ವಿಧಿಯಿಲ್ಲ. ಬೈಸಿಕೊಳ್ಳುತ್ತಿದ್ದರೂ ದನಿಯಲ್ಲಿ ನಗು ಉಳಿಸಿಕೊಳ್ಳಬೇಕು. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಈ ಬಗೆಯ ದುಡಿಮೆಯ ಬಗ್ಗೆ ವಿವರವಾಗಿ ಬರೆದರು; 'ಭಾವನಾತ್ಮಕ ದುಡಿಮೆ' ಎಂದರು. ಅವರು ನೋಡಿದ್ದು ಗಗನಸಖಿಯರನ್ನು ಮತ್ತು ಸಾಲ ವಸೂಲಿ ಮಾಡುವವರನ್ನು. ಒಬ್ಬರು ನಗಲೇಬೇಕು, ಇನ್ನೊಬ್ಬರು ಗದರಲೇಬೇಕು, ಇಬ್ಬರಿಗೂ ಸಂಬಳ ಬರುವುದು ಆ ಮುಖವಾಡಕ್ಕೂ ಸೇರಿ. ನಿಮಗೆ ಬಿಡುಗಡೆ ಬೇಕಿರುವುದು ಇದರಿಂದ.

ಇನ್ನೊಂದು ವಿಷಯ. ರಾಬರ್ಟ್ ಕರಾಸೆಕ್ ಎಂಬ ಸಂಶೋಧಕ 1979ರಲ್ಲಿ ಒಂದು ಸರಳ ಲೆಕ್ಕ ಮುಂದಿಟ್ಟರು. ಕೆಲಸ ನಮ್ಮಿಂದ ಎಷ್ಟು ಕೇಳುತ್ತದೆ ಎಂಬುದು ಒಂದು ಕಡೆ, ಅದನ್ನು ಹೇಗೆ, ಯಾವಾಗ ಮಾಡಬೇಕೆಂದು ತೀರ್ಮಾನಿಸುವ ಹಿಡಿತ ನಮಗೆಷ್ಟಿದೆ ಎಂಬುದು ಇನ್ನೊಂದು ಕಡೆ. ಹೊರೆ ಹೆಚ್ಚು, ಹಿಡಿತ ಕಡಿಮೆ ಎಂದಾಗ ಮನುಷ್ಯ ಹಣ್ಣಾಗುತ್ತಾನೆ. ಹೊರೆ ಹೆಚ್ಚಿದ್ದು ಹಿಡಿತವೂ ಹೆಚ್ಚಿದ್ದರೆ ಅಷ್ಟು ಹಾನಿಯಿಲ್ಲ, ಎಷ್ಟೋ ಜನ ಅದರಲ್ಲೇ ಬೆಳೆಯುತ್ತಾರೆ. ಎದುರು ಕುಳಿತು ಸಲಹೆ ಕೇಳುವವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ವೃತ್ತಿಯ ಹೆಸರಿನಲ್ಲಿ ನೆಮ್ಮದಿ ಇರುವುದಿಲ್ಲ, ಲಗಾಮು ಯಾರ ಕೈಯಲ್ಲಿದೆ ಎಂದು ನೋಡಬೇಕು.

ಈಗ ನಿಮ್ಮ ಪಟ್ಟಿಗೆ ಬರೋಣ. ಗ್ರಂಥಾಲಯ ಎಂದರೆ ಮೌನ ಎಂದುಕೊಂಡಿದ್ದೀರಿ. ಸಾರ್ವಜನಿಕ ಗ್ರಂಥಾಲಯದ ಕೌಂಟರಿನಲ್ಲಿ ಕೂತವರಿಗೆ ಆ ಮೌನ ಸಿಗುವುದು ಅಪರೂಪ. ದಂಡ ಕಟ್ಟಲು ಒಪ್ಪದವರು, ಕಂಪ್ಯೂಟರ್ ಕೆಟ್ಟಿದೆ ಎನ್ನುವವರು, ಹೊತ್ತು ಕಳೆಯಲು ಬಂದು ಜಗಳ ತೆಗೆಯುವವರು, ಎಲ್ಲರಿಗೂ ಉತ್ತರ ಹೇಳಬೇಕಾದವರು ಅವರೇ. ಅದೇ ಕಟ್ಟಡದಲ್ಲಿ ಪುಸ್ತಕಗಳನ್ನು ವರ್ಗೀಕರಿಸಿ ಸೂಚಿ ತಯಾರಿಸುವವರ ದಿನ ಬೇರೆಯೇ. ಪತ್ರಾಗಾರದಲ್ಲಿ ಹಳೆಯ ಕಡತಗಳನ್ನು ವಿಂಗಡಿಸುವವರದೂ ಹಾಗೆಯೇ. ಆದರೆ ಅಂಥ ಹುದ್ದೆಗಳು ಕಡಿಮೆ, ಗ್ರಂಥಾಲಯ ವಿಜ್ಞಾನದ ಪದವಿಯನ್ನೂ ಕೇಳುತ್ತಾರೆ.

ಪ್ರಯೋಗಾಲಯದಲ್ಲೂ ಇದೇ ಕಥೆ. ಆಸ್ಪತ್ರೆಯ ಲ್ಯಾಬಿಗೆ ತುರ್ತು ಮಾದರಿ ನಡುರಾತ್ರಿಯೂ ಬರುತ್ತದೆ, ಫಲಿತಾಂಶಕ್ಕೆ ವೈದ್ಯರು ಕಾದಿರುತ್ತಾರೆ. ಮಣ್ಣು, ನೀರು, ಕಟ್ಟಡ ಸಾಮಗ್ರಿ ಪರೀಕ್ಷಿಸುವ ಲ್ಯಾಬಿನಲ್ಲಿ ಮಾದರಿ ನಾಳೆಯವರೆಗೂ ಕಾಯುತ್ತದೆ. ಮೆಡಿಕಲ್ ಕೋಡಿಂಗ್‌ನಲ್ಲಿ ಫೋನ್ ಇಲ್ಲ, ನಿಜ. ಆದರೆ ದಿನಕ್ಕೆ ಇಷ್ಟು ಕಡತ ಮುಗಿಯಬೇಕು, ತಪ್ಪು ಇಷ್ಟು ಶೇಕಡಾ ಮೀರಬಾರದು ಎಂಬ ಮೀಟರು ಹೆಚ್ಚಿನ ಕಡೆ ಓಡುತ್ತಲೇ ಇರುತ್ತದೆ. ಹನ್ನೆರಡು ವರ್ಷ ಟಾರ್ಗೆಟ್ ನೋಡಿದ ನಿಮಗೆ ಮತ್ತೆ ಅದೇ ಬೇಡ ಎನ್ನುವುದು ನನ್ನ ಅಭಿಪ್ರಾಯ. ಅನುವಾದ ನನಗೆ ಬಹಳ ಇಷ್ಟದ ಕೆಲಸ, ಆದರೂ ಯಂತ್ರ ಕ್ಷಣದಲ್ಲಿ ಮೊದಲ ಕರಡು ಕೊಡುವ ಈ ಕಾಲದಲ್ಲಿ ಅದೊಂದನ್ನೇ ನಂಬಿ ನೌಕರಿ ಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಆದಾಯ ಯಾವಾಗ ಬರುತ್ತದೆಂದು ಗೊತ್ತಿಲ್ಲದಿರುವುದೂ ಒಂದು ಒತ್ತಡವೇ.

ಪಟ್ಟಿಗಳಲ್ಲಿ ಅಷ್ಟಾಗಿ ಕಾಣದ ಒಂದೆರಡು ಕೆಲಸ ಹೇಳುತ್ತೇನೆ. ಅಳತೆಯ ಉಪಕರಣಗಳು ಸರಿಯಾಗಿ ತೋರಿಸುತ್ತಿವೆಯೇ ಎಂದು ತಾಳೆ ನೋಡುವ ಕ್ಯಾಲಿಬ್ರೇಶನ್ ತಂತ್ರಜ್ಞರ ಕೆಲಸ: ಒಂದು ಮೇಜು, ಒಂದು ಉಪಕರಣ, ಅದು ಮುಗಿದ ಮೇಲೆ ಇನ್ನೊಂದು. ನಕ್ಷೆಗಳ ಮಾಹಿತಿ ತಿದ್ದುವ ಕೆಲಸವೂ ಹೆಚ್ಚುಕಡಿಮೆ ಹಾಗೆ. ಆದರೆ ನಿಮಗೆ ಇವೆರಡಕ್ಕಿಂತ ಹತ್ತಿರದ ದಾರಿಯೊಂದಿದೆ. ಗ್ರಾಹಕರು ಎಲ್ಲಿ ಎಡವುತ್ತಾರೆ, ಯಾವ ಪದ ಅವರಿಗೆ ಅರ್ಥವಾಗುವುದಿಲ್ಲ ಎಂಬುದು ನಿಮ್ಮಷ್ಟು ಇನ್ನಾರಿಗೆ ಗೊತ್ತು? ಬಳಕೆದಾರರ ಕೈಪಿಡಿ, ಸಹಾಯ ಪುಟಗಳನ್ನು ಬರೆಯುವವರಿಗೆ ಬೇಕಾಗುವುದು ಇದೇ ತಿಳಿವಳಿಕೆ. ನಿಮ್ಮ ಸಂಸ್ಥೆಯಲ್ಲಿಯೇ ಅಂಥ ವಿಭಾಗವಿದ್ದರೆ ಮೊದಲು ಅಲ್ಲಿ ಕೇಳಿ. ಸೊನ್ನೆಯಿಂದ ಶುರುಮಾಡುವ ತಾಪತ್ರಯ ತಪ್ಪುತ್ತದೆ.

ಯಾವ ಕೆಲಸದತ್ತ ಮನಸ್ಸು ವಾಲಿದರೂ ಅದನ್ನು ಮಾಡುತ್ತಿರುವವರನ್ನು ಕಂಡು ಮಾತಾಡಿ. "ನಿಮ್ಮ ಕೆಲಸದಲ್ಲಿ ಟೆನ್ಷನ್ ಇದೆಯಾ?" ಎಂದು ಮಾತ್ರ ಕೇಳಬೇಡಿ, ಇಲ್ಲದ ಕೆಲಸ ಎಲ್ಲಿದೆ ಎಂದು ನಕ್ಕುಬಿಡುತ್ತಾರೆ. "ನಿನ್ನೆ ಬೆಳಗ್ಗೆಯಿಂದ ಸಂಜೆವರೆಗೆ ಏನೇನು ಮಾಡಿದಿರಿ?" ಎಂದು ಕೇಳಿ. ನಡುವೆ ಎಷ್ಟು ಸಲ ಕೆಲಸ ಬಿಟ್ಟು ಏಳಬೇಕಾಯಿತು, ಯಾವುದನ್ನು ಮೊದಲು ಮಾಡಬೇಕೆಂದು ಹೇಳಿದವರು ಯಾರು ಎಂಬುದು ತಾನಾಗಿಯೇ ಹೊರಬರುತ್ತದೆ. ರಜೆ ಹಾಕಿದರೆ ಕೆಲಸವನ್ನು ಬೇರೆಯವರು ನೋಡಿಕೊಳ್ಳುತ್ತಾರೋ, ರಾಶಿ ಬಿದ್ದು ಕಾಯುತ್ತದೋ? ಇದನ್ನು ಮರೆಯದೆ ಕೇಳಿ.

ಮತ್ತೆ, ಆ ಧಸಕ್ ಎನ್ನುವ ವಿಚಾರ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೇ ಆವೃತ್ತಿ 2022ರಿಂದ ಜಾರಿಯಲ್ಲಿದೆ. ಅದರಲ್ಲಿ 'ಬರ್ನ್‌ಔಟ್' ಕಾಯಿಲೆಯಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ. ಪೂರಾ ಬಳಲಿಕೆ, ಕೆಲಸದಿಂದ ಮನಸ್ಸು ದೂರವಾಗುವುದು ಅಥವಾ ಅದರ ಬಗ್ಗೆ ತಾತ್ಸಾರ, ಕೈಲಾಗುತ್ತಿಲ್ಲ ಎಂಬ ಭಾವ, ಇವು ಅದರ ಮೂರು ಗುರುತು. ಅದು ಕೆಲಸದ ಆವರಣಕ್ಕೆ ಮಾತ್ರ ಅನ್ವಯಿಸುವ ಮಾತು. ನಿಮ್ಮದು ಅಮ್ಮನ ಕರೆಯವರೆಗೂ ಬಂದಿದೆ. ಆದ್ದರಿಂದ ರಾಜೀನಾಮೆ ಪತ್ರ ಬರೆಯುವ ಮೊದಲು ವೈದ್ಯರನ್ನು ಕಾಣಿ, ಎರಡು ವಾರವಾದರೂ ರಜೆ ತೆಗೆದುಕೊಳ್ಳಿ. ದಣಿದ ತಲೆಗೆ ಎಲ್ಲ ಬೆಟ್ಟವೂ ನುಣ್ಣಗೇ ಕಾಣುತ್ತದೆ.

ಪ್ರಶ್ನೆ: ವಯಸ್ಸು 51. ಇಪ್ಪತ್ತು ಜನರ ವಿಭಾಗಕ್ಕೆ ಮುಖ್ಯಸ್ಥ. ಮೊದಲಿದ್ದ ಸಾಮಾನ್ಯ ಹುದ್ದೆಗೆ ಮರಳಿದರೆ ಒತ್ತಡ ಇಳಿಯುತ್ತದಲ್ಲವೇ? ಮನೆಯವರು ಬೇಡ ಎನ್ನುತ್ತಿದ್ದಾರೆ.

ಉತ್ತರ: ಇಳಿಯುತ್ತದೆ ಎಂದು ಕಣ್ಣುಮುಚ್ಚಿ ಹೇಳಲಾರೆ. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ 'ವೈಟ್‌ಹಾಲ್' ಎಂಬ ಅಧ್ಯಯನ ಶುರುವಾಯಿತು, ಹದಿನೇಳು ಸಾವಿರಕ್ಕೂ ಹೆಚ್ಚು ಗಂಡಸರನ್ನು ವರ್ಷಗಟ್ಟಲೆ ಗಮನಿಸಿತು. ಹೃದಯಾಘಾತ ದೊಡ್ಡ ಸಾಹೇಬರ ಕಾಯಿಲೆ ಎಂದು ಆಗ ನಂಬಿದ್ದರು. ಕಂಡದ್ದು ತಿರುಗುಮುರುಗು: ದರ್ಜೆ ಕೆಳಗಿಳಿದಂತೆ ಸಾವಿನ ಪ್ರಮಾಣ ಏರುತ್ತಿತ್ತು. ಧೂಮಪಾನದಂಥ ಕಾರಣಗಳನ್ನು ಕಳೆದರೂ ಅಂತರ ಪೂರ್ತಿ ಅಳಿಯಲಿಲ್ಲ. 1985ರಲ್ಲಿ ಹೆಂಗಸರನ್ನೂ ಸೇರಿಸಿಕೊಂಡು ಆರಂಭವಾದ ಎರಡನೇ ಅಧ್ಯಯನ, ಮೈಕೆಲ್ ಮಾರ್ಮಟ್ ಅವರ ನೇತೃತ್ವದ್ದು, ಕೆಲಸದ ಮೇಲೆ ಹಿಡಿತ ಕಡಿಮೆ ಇರುವವರಿಗೆ ಹೃದ್ರೋಗದ ಅಪಾಯ ಹೆಚ್ಚೆಂದು ತೋರಿಸಿತು.

ಹಾಗೆಂದು ಕುರ್ಚಿಗೆ ಅಂಟಿಕೊಂಡಿರಿ ಎನ್ನುತ್ತಿಲ್ಲ. ಕೆಳಗಿಳಿಯುವ ಬದಲು ಪಕ್ಕಕ್ಕೆ ಸರಿಯಿರಿ. ನಿಮ್ಮನ್ನು ಹಿಂಡುತ್ತಿರುವುದು ಏನೆಂದು ಒಂದು ಹಾಳೆಯಲ್ಲಿ ಬರೆಯಿರಿ. ಜನರ ರಜೆ, ಜಗಳ, ಮೌಲ್ಯಮಾಪನ, ಬಜೆಟ್ ಇವೇ ಆಗಿದ್ದರೆ, ಅವಿಲ್ಲದ ತಜ್ಞ ಅಥವಾ ಸಲಹೆಗಾರನ ಹುದ್ದೆ ಕೇಳಿ. ನಿರ್ಧಾರದ ಸ್ವಾತಂತ್ರ್ಯ ಉಳಿಯಲಿ, ಜನರ ಉಸ್ತುವಾರಿ ಹೋಗಲಿ. ನಿನ್ನೆಯವರೆಗೆ ನಿಮ್ಮ ಕೈಕೆಳಗಿದ್ದ ಹುಡುಗ ನಾಳೆ ನಿಮಗೆ ಬಾಸ್ ಆಗಬಹುದು. ಅದನ್ನು ನುಂಗಿಕೊಳ್ಳುವುದು ಸುಲಭವಲ್ಲ, ಆದರೆ ಒಂದಷ್ಟು ತಿಂಗಳಲ್ಲಿ ಅಭ್ಯಾಸವಾಗುತ್ತದೆ. ನನಗೆ ಹೆಚ್ಚು ಚಿಂತೆ ನಿಮ್ಮ ಪಿಂಚಣಿಯದು. ಎಷ್ಟೋ ಕಡೆ ಅದನ್ನು ಕೊನೆಯ ವರ್ಷಗಳ ಸಂಬಳದ ಮೇಲೆ ಲೆಕ್ಕ ಹಾಕುತ್ತಾರೆ. ಸಹಿ ಹಾಕುವ ಮೊದಲು ಲೆಕ್ಕ ವಿಭಾಗಕ್ಕೆ ಹೋಗಿ, ಅಂಕಿ ಬರೆಸಿಕೊಂಡು ಬಂದು ಮನೆಯವರ ಮುಂದಿಡಿ. ಅವರ 'ಬೇಡ' ಬಹುಶಃ ಮರ್ಯಾದೆಯ ಪ್ರಶ್ನೆಯಲ್ಲ, ಹಣದ ಅಂಜಿಕೆ.

ಪ್ರಶ್ನೆ: ಜಾಹೀರಾತು ಕ್ಷೇತ್ರ ಬಿಟ್ಟು ದಾಖಲೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಒಂದು ವರ್ಷವಾಯಿತು. ಗಡುವಿಲ್ಲ, ಬೈಯುವವರಿಲ್ಲ. ಆದರೂ ಸಂಜೆ ಮೈಯೆಲ್ಲ ಭಾರ. ನಾನೇನು ಸೋಮಾರಿಯಾದೆನೇ?

ಉತ್ತರ: ಇಲ್ಲ. ಮೇಲೆ ಹೇಳಿದ ಕರಾಸೆಕ್ ಲೆಕ್ಕದಲ್ಲಿ ಇನ್ನೊಂದು ಮೂಲೆಯಿದೆ, ಹೊರೆಯೂ ಕಡಿಮೆ, ಹಿಡಿತವೂ ಕಡಿಮೆ. ಅಲ್ಲಿ ಕೂತವರ ಕಲಿತ ವಿದ್ಯೆಗೆ ತುಕ್ಕು ಹಿಡಿಯುತ್ತದೆ. ಮತ್ತೆ ಕೆಲಸ ಬದಲಿಸುವ ಮುಂಚೆ ಇರುವುದನ್ನೇ ಸ್ವಲ್ಪ ತಿದ್ದಿ ನೋಡಿ. ಏಮಿ ರೆಜ್ನೆಸ್ಕಿ ಮತ್ತು ಜೇನ್ ಡಟ್ಟನ್ ಎಂಬ ಸಂಶೋಧಕಿಯರು 2001ರಲ್ಲಿ ಬರೆದ ಪ್ರಬಂಧದಲ್ಲಿ ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿಯ ಉದಾಹರಣೆ ಬರುತ್ತದೆ. ಒಂದೇ ಹುದ್ದೆ, ಆದರೆ ಕೆಲವರು ರೋಗಿಗಳನ್ನು ಮಾತಾಡಿಸುವುದೂ ತಮ್ಮ ಕೆಲಸವೇ ಎಂದು ಸೇರಿಸಿಕೊಂಡಿದ್ದರು. ನಿಮ್ಮ ಕಪಾಟಿನಲ್ಲಿ ಯಾರಿಗೂ ಸಿಗದ ಕಡತಗಳಿರಬೇಕಲ್ಲ? ಅವನ್ನು ಹುಡುಕಲು ಒಂದು ಸೂಚಿ ಕಟ್ಟಲು ಅನುಮತಿ ಕೇಳಿ. ಗಡುವನ್ನು ನೀವೇ ಹಾಕಿಕೊಳ್ಳಿ.

ಪ್ರಶ್ನೆ: ರಾತ್ರಿ ಪಾಳಿಯಲ್ಲಿ ಒಬ್ಬನೇ ಕೂತು ಪರದೆಗಳ ಮೇಲೆ ನಿಗಾ ಇಡುವ ಕೆಲಸ ಸಿಕ್ಕಿದೆ. ಯಾರ ಕಾಟವೂ ಇಲ್ಲ. ಒಪ್ಪಲೇ?

ಉತ್ತರ: ಮನಸ್ಸಿಗೆ ಹಿತ, ಮೈಗೆ ಅಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರಾತ್ರಿ ಪಾಳಿಯನ್ನು 'ಬಹುಶಃ ಕ್ಯಾನ್ಸರ್‌ಕಾರಕ' ವರ್ಗಕ್ಕೆ ಸೇರಿಸಿದೆ, 2007ರಲ್ಲಿ ಒಮ್ಮೆ ಹೇಳಿ 2019ರಲ್ಲಿ ಅದನ್ನೇ ಉಳಿಸಿಕೊಂಡಿತು. ಒಂದೆರಡು ವರ್ಷದ ಮಟ್ಟಿಗೆ, ಓದು ಮುಗಿಸಲೆಂದೋ ಸಾಲ ತೀರಿಸಲೆಂದೋ ಆದರೆ ಸರಿ. ಹಗಲು ಪಾಳಿಗೆ ಬದಲಿಸಿಕೊಳ್ಳುವ ಅವಕಾಶ ನೇಮಕ ಪತ್ರದಲ್ಲಿ ಬರೆದಿದೆಯೇ ನೋಡಿ. "ಆಮೇಲೆ ನೋಡೋಣ" ಎಂದು ಬಾಯಲ್ಲಿ ಹೇಳಿದರೆ ಒಪ್ಪಬೇಡಿ.